ಅಸಲು, ಅಸಲಿ

ಪೀತಮ್‌ಪುರದ ಅಂಗಡಿ ಬೀದಿಗಳಲ್ಲಿ ಸಾಯಂಕಾಲ ನಡೆದುಹೋಗುವವನ ಕಣ್ಣಿಗೆ, ‘ಶುದ್ಧ’ ಎಂಬುದೊಂದನ್ನು ಬಿಟ್ಟರೆ, ಫಲಕಗಳ ಮೇಲೆ ಎಲ್ಲಕ್ಕಿಂತ ಹೆಚ್ಚಾಗಿ ಬೀಳುವ ವಿಶೇಷಣವು ‘ಅಸಲಿ’ ಎಂಬುದು. ತುಪ್ಪ ಅಸಲಿ, ಅಮೃತಸರದ ಕುಲ್ಚಾ ಅಸಲಿ, ದಕ್ಷಿಣದ ದೋಸೆಯೂ ಅಸಲಿ. ದಿಲ್ಲಿಯ ವಾಯವ್ಯದಲ್ಲಿರುವ ಈ ಬಡಾವಣೆ ಯಾತ್ರಿಕರ ತಾಣವಲ್ಲ. ಇಲ್ಲಿ ಹೆಸರಾದ ಕೋಟೆಯಿಲ್ಲ, ಬಾದಶಹರ ಗೋರಿಯಿಲ್ಲ. ದೂರದಿಂದ ಗುರುತಿಗೆ ಸಿಕ್ಕುವುದೆಂದರೆ 1988ರಲ್ಲಿ ಎದ್ದುನಿಂತ, 235 ಮೀಟರ್ ಎತ್ತರದ ದೂರದರ್ಶನದ ಗೋಪುರ. ಪಂಜಾಬಿ ಕುಟುಂಬಗಳೂ ಅಗರ್‌ವಾಲ, ಜೈನ ವರ್ತಕರ ಮನೆತನಗಳೂ ನೆಲೆನಿಂತಿರುವ, ಗಿರಾಕಿಯನ್ನು ಅಂಗಡಿಯವನೂ ಅಂಗಡಿಯವನನ್ನು ಗಿರಾಕಿಯೂ ಬಲ್ಲಂಥ ಇಂಥ ಸ್ಥಳದಲ್ಲಿಯೂ ‘ನಮ್ಮದು ಅಸಲಿ’ ಎಂದು ಬರೆದು ತೂಗುಹಾಕಬೇಕಾದ ಅವಶ್ಯಕತೆ ಏತಕ್ಕೆ ಬಂದಿತೆಂದು ಯೋಚಿಸುತ್ತ ಹೋದಂತೆ, ಆ ಶಬ್ದವು ನಮ್ಮ ಕನ್ನಡದಲ್ಲಿ ಬಾಳಿದ ಬಾಳು ನನ್ನ ಮನಸ್ಸನ್ನು ಸೆಳೆಯಿತು.

ಅರಬ್ಬಿಯ ‘ಅಸ್ಲ್’ ಎಂಬುದಕ್ಕೆ ಬೇರು, ಬುಡ ಎಂದು ಅರ್ಥ. ಹಿಂದೀ ಜನರು ನಿಯಮ, ತತ್ತ್ವ ಎಂಬ ಅರ್ಥದಲ್ಲಿ ಆಡುವ ‘ಉಸೂಲ್’ ಎಂಬುದು ಅದೇ ಶಬ್ದದ ಬಹುವಚನ. ಪಾರಸಿಯ ದಫ್ತರ, ಜಮಾ, ಖರ್ಚು, ವಸೂಲಿಗಳ ಸಂಗಡ ನಮ್ಮ ನಾಡಿನ ಕಚೇರಿಗಳಿಗೂ ಪೇಟೆಗಳಿಗೂ ಇಳಿದು ಬಂದ ಈ ಶಬ್ದವು, ಕನ್ನಡದ ಪ್ರಕೃತಿಗನುಗುಣವಾಗಿ ತುದಿಯಲ್ಲೊಂದು ಉಕಾರವನ್ನು ಧರಿಸಿ, ‘ಅಸಲು’ ಎಂದಾಗಿ, ಪರಕೀಯವೆಂಬ ನೆನಪೇ ಉಳಿಯದಷ್ಟು ನಮ್ಮದಾಯಿತು. ಸಾಲ ಕೊಟ್ಟವನಿಗೆ ಅಸಲು ಎಂದರೆ ಬಡ್ಡಿಯನ್ನು ಹೆರುವ ಮೂಲಧನ. ಸಂತೆಯಲ್ಲಿ ಕುಳಿತ ಬಳೆಗಾರನಿಗೆ ಅಸಲು ಎಂದರೆ ತಾನು ಕೊಂಡ ಬೆಲೆ. ‘ಅಸಲೂ ಗಿಟ್ಟುವುದಿಲ್ಲ ತಾಯಿ’ ಎಂದು ಅವನು ಹೇಳುವಾಗ ಆ ಮಾತಿನಲ್ಲಿ ಅವನ ದಿನದ ದುಡಿಮೆಯೆಲ್ಲವೂ ಅಡಗಿರುತ್ತದೆ. ನ್ಯಾಯಸ್ಥಾನದಲ್ಲಿ ಮೊತ್ತಮೊದಲು ಹೂಡಿದ ವ್ಯಾಜ್ಯವು ಅಸಲು ದಾವೆ, ರುಜುವಾತಿಗೆ ಹಾಜರುಪಡಿಸುವುದು ಅಸಲು ಪತ್ರ. ಸುತ್ತಿ ಬಳಸಿ ಮಾತನಾಡುವವನನ್ನು ‘ಅಸಲು ಸಂಗತಿ ಹೇಳಪ್ಪ’ ಎಂದು ತಡೆಯುತ್ತೇವೆ.

‘ಅಸಲಿ’ ಎಂಬ ಇಕಾರಾಂತ ರೂಪದ ನಡತೆಯೇ ಬೇರೆ. ಉಕಾರದಲ್ಲಿರುವಾಗ ‘ನಕಲು’ ಸಹ ನಿರಪರಾಧಿಯಾದ ಶಬ್ದ. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ನಿಂತು ಪಹಣಿಯ ನಕಲು ಕೇಳುವ ರೈತನು ಮೋಸವನ್ನೇನೂ ಬೇಡುತ್ತಿಲ್ಲ. ಇಕಾರ ಬಂದೊಡನೆ ಅಸಲಿ, ನಕಲಿಗಳೆರಡೂ ಪರಸ್ಪರ ವೈರಿಗಳಾಗಿ ನಿಲ್ಲುವುವು. ಅಸಲು ಎಂಬುದು ಲೆಕ್ಕದ ಪುಸ್ತಕದ ಶಬ್ದ, ಅಸಲಿ ಎಂಬುದು ಜಾಹೀರಾತಿನ ಶಬ್ದ ಎಂದರೆ ತಪ್ಪಾಗಲಾರದು. ಇವೆರಡೂ ಒಂದೇ ಬೇರಿನವೆಂಬುದನ್ನು ಮರೆತದ್ದರಿಂದಲೇ ಪರಸ್ಥಳದಲ್ಲಿ ಊಟ ಹುಡುಕುವವರು ಕಷ್ಟಕ್ಕೊಳಗಾಗುವರೆಂದು ನಾನು ನಂಬಿದ್ದೇನೆ.

ಊರಿನಿಂದ ದಿಲ್ಲಿ ನೋಡಲು ಬರುವ ಬಂಧುಗಳು, ಕೆಂಪುಕೋಟೆಯನ್ನೂ ಕುತುಬ್ ಮಿನಾರನ್ನೂ ಕಂಡು, ಚಾಂದನೀ ಚೌಕದ ಪರಾಠೆಯ ಗಲ್ಲಿಯಲ್ಲಿ ಜನಜಂಗುಳಿಯ ನಡುವೆ ನುಗ್ಗಿ ಬಂದಮೇಲೆ, ರಾತ್ರಿ ಕೈಕಾಲು ತೊಳೆದು ಕುಳಿತು ಕೇಳುವ ಪ್ರಶ್ನೆ ಯಾವಾಗಲೂ ಒಂದೇ. ‘ಅಲ್ಲಯ್ಯ, ಇಲ್ಲಿಯ ಜನ ದಿನವೂ ತಿನ್ನುವಂಥದ್ದನ್ನು ತಿನ್ನಬೇಕು, ದುಡ್ಡೂ ಸುಲಿಯಬಾರದು, ಅಂಥ ಜಾಗ ಯಾವುದಿದೆ ಹೇಳು’ ಎಂದು ನನ್ನ ಸೋದರಮಾವನವರು ಕೇಳಿದರು. ರುಚಿಯಲ್ಲಿ ಅಸಲಿಯಾಗಿರಬೇಕು, ಬೆಲೆಯು ಅಸಲಿನ ಸಮೀಪದಲ್ಲಿರಬೇಕು ಎಂಬುದು ಅವರ ಮಾತಿನ ತಾತ್ಪರ್ಯ. ಈ ಬಯಕೆಯನ್ನು ಹೊತ್ತ ಮನುಷ್ಯರು ಲೋಕದ ಎಲ್ಲ ಯಾತ್ರಾಸ್ಥಳಗಳಲ್ಲಿಯೂ ಬೀದಿಬೀದಿ ತಿರುಗುತ್ತಿದ್ದಾರೆ. ಇಟಲಿಯ ವೆನಿಸ್ ನಗರದ ಜನಸಂದಣಿ ಎಷ್ಟಾಯಿತೆಂದರೆ, ಬೆಳಗ್ಗೆ ಬಂದು ಸಂಜೆ ಮರಳುವ ಯಾತ್ರಿಕರಿಂದ ಗೊತ್ತುಮಾಡಿದ ಕೆಲವು ದಿನಗಳಲ್ಲಿ 5 ಯೂರೋ ಪ್ರವೇಶ ಶುಲ್ಕವನ್ನು ಪಡೆಯುವ ಕ್ರಮವನ್ನು ಅಲ್ಲಿಯ ಪುರಸಭೆಯವರು 2024ರ ಏಪ್ರಿಲ್ 25ರಿಂದ ಜಾರಿಗೆ ತಂದರು. ಅಲ್ಲಿಯ ಮುಖ್ಯ ಚೌಕಗಳ ಸುತ್ತಮುತ್ತ ಯಾತ್ರಿಕರಿಗೆಂದೇ ಪ್ರತ್ಯೇಕವಾದ ಊಟದ ಪಟ್ಟಿಗಳು ತೂಗಾಡುವುವು. ಕುಳಿತ ತಪ್ಪಿಗೆ ತಲೆಯೊಂದಕ್ಕೆ ಇಷ್ಟೆಂದು ‘ಕೊಪೆರ್ತೊ’ ಎಂಬ ಬಾಬ್ತು ಬಿಲ್ಲಿನಲ್ಲಿ ಸೇರುವುದೂ ಉಂಟು. ಅದೇ ನಗರದ ಹಿಂಬದಿಯ ಕಾಲುವೆಗಳ ದಡದಲ್ಲಿ ‘ಬಾಕರೋ’ ಎಂದು ಕರೆಯಲ್ಪಡುವ ಸಣ್ಣ ಅಂಗಡಿಗಳಲ್ಲಿ, ಊರಿನ ಕೆಲಸಗಾರರು ನಿಂತುಕೊಂಡೇ ಒಂದು ಪುಟ್ಟ ಲೋಟ ಮದ್ಯವನ್ನೂ, ಬ್ರೆಡ್ಡಿನ ಮೇಲೆ ಮೀನೋ ತರಕಾರಿಯೋ ಇಟ್ಟ ಒಂದೆರಡು ತುಣುಕುಗಳನ್ನೂ ತೆಗೆದುಕೊಂಡು ಹೊರಡುವರು. ಅವರಿಗೆ ಅದು ನಿತ್ಯದ ಅಭ್ಯಾಸ.

ಊಟದಂಗಡಿಗೂ ಒಂದು ಅಸಲು ಒಂದು ಬಡ್ಡಿ ಉಂಟೆಂದು ನನಗೆ ತೋರುತ್ತದೆ. ನಾಳೆಯೂ ನಾಳಿದ್ದೂ ಬರುವ ಗಿರಾಕಿಯೇ ಅದರ ಅಸಲು. ಒಮ್ಮೆ ಬಂದು, ಚಿತ್ರ ತೆಗೆದುಕೊಂಡು, ಮತ್ತೆಂದೂ ಬಾರದೆ ಹೋಗುವ ಯಾತ್ರಿಕನು ಅದರ ಬಡ್ಡಿ. ಬಡ್ಡಿ ಬರುವುದು ತಪ್ಪಲ್ಲ, ಬರಲಿ. ಅಸಲನ್ನು ಕಳೆದುಕೊಂಡು ಬಡ್ಡಿಯಿಂದಲೇ ಬದುಕತೊಡಗಿದ ಅಂಗಡಿಯಲ್ಲಿ ಮಾತ್ರ ಸಾರಿನ ರುಚಿಯೂ ತಟ್ಟೆಯ ಬೆಲೆಯೂ ಒಟ್ಟೊಟ್ಟಿಗೆ ಕೆಡುವುವು, ಏಕೆಂದರೆ ಈ ದಿನ ಮಾಡಿದ ಅನ್ಯಾಯಕ್ಕೆ ನಾಳೆ ಎದುರು ಬಂದು ಮುಖ ತೋರಿಸುವವರು ಅಲ್ಲಿ ಯಾರೂ ಇಲ್ಲ. ಇಲ್ಲಿಯ ವರ್ತಕರ ಮನೆಗಳಲ್ಲಿ, ಮಕ್ಕಳಿಗಿಂತ ಮೊಮ್ಮಕ್ಕಳೇ ಮುದ್ದು ಎಂಬುದಕ್ಕೆ ‘ಮೂಲ್ ಸೇ ಬ್ಯಾಜ್ ಪ್ಯಾರಾ’ ಎನ್ನುವರು. ಮನೆಯಲ್ಲಿ ಅದು ಸೊಗಸಾದ ಮಾತು. ಅಡಿಗೆಮನೆಯ ವ್ಯಾಪಾರದಲ್ಲಿ ಅದನ್ನು ಅನುಸರಿಸಿದವನು ಉಳಿಯಲಾರನು.

ಬೆಲೆಗೂ ಸಾಚಾತನಕ್ಕೂ ಇರುವ ಈ ನಂಟನ್ನು ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್‌ನವರಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟವರು ವಿರಳ. ಉಡುಪಿಯ ಕಡೆಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಪ್ರಾರಂಭಿಸಿದ ಆ ಹೋಟೆಲು, ತುರ್ತು ಪರಿಸ್ಥಿತಿಯ ಕಾಲದಲ್ಲಿ ತಿಂಡಿಗಳ ಬೆಲೆಯನ್ನು ಸರಕಾರವು ಅತ್ಯಂತ ಕೆಳಮಟ್ಟಕ್ಕೆ ಗೊತ್ತುಪಡಿಸಿದಾಗ, ತುಪ್ಪ ಕಡಿಮೆ ಮಾಡಿ ದೋಸೆ ಹುಯ್ಯುವುದೋ ಅಥವಾ ನಷ್ಟ ಅನುಭವಿಸುವುದೋ ಎಂಬ ಇಕ್ಕಟ್ಟಿಗೆ ಸಿಕ್ಕಿ, ಎರಡನೆಯದನ್ನೇ ಆರಿಸಿಕೊಂಡಿತು; ಆಯಾ ದಿನದ ನಷ್ಟವೆಷ್ಟೆಂಬುದನ್ನು ಹೊರಗೆ ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದರೆಂದು ಬೆಂಗಳೂರಿನ ಹಿರಿಯರು ಈಗಲೂ ಹೇಳುವರು. ಕೊನೆಗೆ ಬಾಗಿಲು ಮುಚ್ಚಿ, ಸಿದ್ಧ ಹಿಟ್ಟುಗಳನ್ನೂ ಪುಡಿಗಳನ್ನೂ ಪೊಟ್ಟಣ ಕಟ್ಟಿ ಮಾರುವ ಮಾರ್ಗವನ್ನು ಹಿಡಿದರು. ಅಗ್ಗವಾದುದೆಲ್ಲ ಅಸಲಿಯಲ್ಲ ಎಂಬುದನ್ನು ಈ ಪ್ರಸಂಗದಿಂದ ನಾವು ತಿಳಿಯಬೇಕು. ಯಾತ್ರಿಕನು ಅಪೇಕ್ಷಿಸಬಹುದಾದ್ದು ನ್ಯಾಯವಾದ ಬೆಲೆ. ಅಸಲಿಗಿಂತ ಕೆಳಗಿಳಿದ ಬೆಲೆಯನ್ನು ಯಾರೋ ಒಬ್ಬರು ತಮ್ಮ ಕೈಯಿಂದ ತೆತ್ತಿರುತ್ತಾರೆ, ಇಲ್ಲವೆ ಎಣ್ಣೆಯಲ್ಲಿಯೋ ಬೇಳೆಯಲ್ಲಿಯೋ ತೆತ್ತಿರುತ್ತಾರೆ.

ಮಾವನವರನ್ನು ನಾನು ಕರೆದುಕೊಂಡು ಹೋದದ್ದು ದೂರವೇನಲ್ಲ. ಗೋಪುರದ ಪಕ್ಕದಲ್ಲಿ ದಿಲ್ಲಿ ಪ್ರವಾಸೋದ್ಯಮದವರು 2008ರಲ್ಲಿ ತೆರೆದ ದಿಲ್ಲಿ ಹಾಟ್ ಇದೆ. ಅದನ್ನು ನೋಡಿಕೊಂಡು, ನೇತಾಜಿ ಸುಭಾಷ್ ಪ್ಲೇಸಿನ ಕಚೇರಿ ಕಟ್ಟಡಗಳ ಬದಿಗೆ ಮಧ್ಯಾಹ್ನದ ಹೊತ್ತಿಗೆ ಹೋಗಿ ನಿಂತೆವು. ಅಲ್ಲಿ ಒಬ್ಬನು ಕುಲ್ಚೆಯ ಗಾಡಿಯನ್ನು ನಿಲ್ಲಿಸಿಕೊಂಡಿರುತ್ತಾನೆ. ಕೆಂಪು ಬಟ್ಟೆ ಸುತ್ತಿದ ದೊಡ್ಡ ಹಿತ್ತಾಳೆಯ ಪಾತ್ರೆಯನ್ನು ತನ್ನ ಕಡೆಗೆ ವಾಲಿಸಿಟ್ಟು, ಅದರೊಳಗಿಂದ ಮೆತ್ತಗೆ ಬೆಂದ ಒಣಬಟಾಣಿಯನ್ನು ತೋಡಿ, ಎಲೆಯ ದೊನ್ನೆಗೆ ಹಾಕುವ ಮುಂಚೆ ಹೆಚ್ಚಿದ ಈರುಳ್ಳಿ, ಟೊಮೆಟೊ, ಹಸಿಮೆಣಸಿನಕಾಯಿ, ಕಡ್ಡಿಯಂತೆ ಸೀಳಿದ ಹಸಿಶುಂಠಿಗಳನ್ನು ಬೆರಸಿ, ಮೇಲೆ ಕರಿಯ ಮಸಾಲೆ ಉದುರಿಸಿ, ನಿಂಬೆಯನ್ನು ಹಿಂಡುವನು. ಅಷ್ಟರಲ್ಲಿ ಹೆಂಚಿನ ಮೇಲಿನ ಎರಡು ಕುಲ್ಚೆಗಳು ಬೆಣ್ಣೆಯಲ್ಲಿ ಅಂಚು ಕೆಂಪಾಗಿರುತ್ತವೆ. ಹೆಸರಿಗೆ ಛೋಲೆ ಎಂದರೂ ಅದು ಕಡಲೆಯಲ್ಲ, ಬಿಳಿ ಬಟಾಣಿ. ಆದ್ದರಿಂದ ತಿಳಿದವರು ಮಟರ್ ಕುಲ್ಚೆ ಎಂದೇ ಕೇಳುವರು. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಗುಮಾಸ್ತರೂ ಲೆಕ್ಕಿಗರೂ ಸಾಲಾಗಿ ನಿಂತಿದ್ದರು. ಯಾರಿಗೆ ಹುಳಿ ಹೆಚ್ಚಿರಬೇಕು, ಯಾರಿಗೆ ಈರುಳ್ಳಿ ಬೇಡ ಎಂಬುದನ್ನು ಕೇಳದೆಯೇ ಅವನ ಕೈ ಬಲ್ಲುದು. ಗಾಡಿಯ ಮೇಲೆ ‘ಅಸಲಿ’ ಎಂಬ ಬರಹವಿರಲಿಲ್ಲ. ಎಲ್ಲರಿಗೂ ಒಂದೇ ದರವೋ ಎಂದು ಮಾವನವರ ಪರವಾಗಿ ನಾನು ಹಿಂದಿಯಲ್ಲಿ ಕೇಳಿದೆ. ಅವನು ಸೌಟನ್ನು ಕೆಳಗಿಡದೆಯೇ, ‘ಬಾಬೂಜಿ, ಇವರೆಲ್ಲ ನಾಳೆಯೂ ಬರಬೇಕಲ್ಲ’ ಎಂದನು. ಮಾವನವರು ಇನ್ನೊಂದು ದೊನ್ನೆ ಕೇಳಿ ತಿಂದರು.

ಇನ್ನು ದೋಸೆಯ ವಿಚಾರ. ಪೀತಮ್‌ಪುರದ ‘ಅಸಲಿ’ ದೋಸೆಯ ಸಾಂಬಾರು ನಮ್ಮ ಕಡೆಯದರಂತಿಲ್ಲವೆಂದೂ, ಪಲ್ಯದ ಜಾಗದಲ್ಲಿ ಪನೀರು ಬಂದಿದೆಯೆಂದೂ ಮುಖ ಸಿಂಡರಿಸುವ ನಮ್ಮವರನ್ನು ನಾನು ಒಪ್ಪಲಾರೆ. ಕಾರ್ಕಳದಿಂದ ಹೊರಟ ಜಯರಾಮ ಬನಾನರು 1986ರಲ್ಲಿ ಡಿಫೆನ್ಸ್ ಕಾಲೊನಿಯಲ್ಲಿ ಸಣ್ಣದಾಗಿ ತೆರೆದ ‘ಸಾಗರ್’ ಮುಂದೆ ಸಾಗರ್ ರತ್ನವಾಗಿ ಬೆಳೆದು, ಉತ್ತರದ ಸಂಸಾರಗಳಿಗೆ ದೋಸೆ, ಇಡ್ಲಿಗಳನ್ನು ಭಾನುವಾರದ ಊಟವನ್ನಾಗಿ ಮಾಡಿಕೊಟ್ಟಿತು. ದಿಲ್ಲಿಯವರು ತಲೆಮಾರು ಕಳೆದರೂ ಬಿಡದೆ ತಿನ್ನುತ್ತಿರುವ ದೋಸೆಯು ದಿಲ್ಲಿಯ ಅಸಲಿ ದೋಸೆಯೇ ಸರಿ. ಅದನ್ನು ಉಡುಪಿಯ ರಥಬೀದಿಯ ದೋಸೆಯೊಡನೆ ಹೋಲಿಸಿ ನಕಲಿಯೆನ್ನುವುದು ನ್ಯಾಯವಲ್ಲ. ಊರಿನ ರುಚಿಯೇ ಬೇಕೆಂದವರಿಗೆ ರಾಮಕೃಷ್ಣಪುರದ ದೆಹಲಿ ಕರ್ನಾಟಕ ಸಂಘದ ಕಟ್ಟಡದಲ್ಲಿರುವ ಭೋಜನಾಲಯವುಂಟು. ಅಲ್ಲಿ ಬಿಸಿಬೇಳೆಬಾತು ಕೇಳುವ ದನಿಗಳಲ್ಲಿ ಅನೇಕವು ಕನ್ನಡದ ದನಿಗಳು. ಅಶೋಕ ರಸ್ತೆಯ ಆಂಧ್ರ ಭವನದ ಊಟಕ್ಕೆ ಸರಕಾರದ ನೌಕರರೂ ವಿದ್ಯಾರ್ಥಿಗಳೂ ಸರದಿಯಲ್ಲಿ ಕಾಯುವುದನ್ನು ಯಾರು ಬೇಕಾದರೂ ನೋಡಬಹುದು. ಇಂಡಿಯಾ ಗೇಟಿಗೆ ಅಷ್ಟು ಸಮೀಪವಿದ್ದೂ ಆ ಊಟವು ಯಾತ್ರಿಕರ ಊಟವಾಗಿ ಕೆಟ್ಟುಹೋಗದೆ ಉಳಿದಿರುವುದಕ್ಕೆ ಆ ಸರದಿಯೇ ಕಾರಣ.

ಫಲಕದ ಮೇಲಿನ ಶಬ್ದವು ಇದಕ್ಕೆಲ್ಲ ಸಾಕ್ಷಿಯಾಗಲಾರದು. ಮೈಸೂರಿನ ನಜರಬಾದಿನಲ್ಲಿ ‘ಒರಿಜಿನಲ್’ ಎಂಬ ಮಾತನ್ನು ಹೊತ್ತ ಮೈಲಾರಿ ಹೋಟೆಲುಗಳು ಒಂದೇ ರಸ್ತೆಯಲ್ಲಿ ಎರಡಿವೆ. ಎರಡಕ್ಕೂ ತಲೆಮಾರುಗಳಿಂದ ಬಂದ ತಮ್ಮ ತಮ್ಮ ಗಿರಾಕಿಗಳಿದ್ದಾರೆ, ಎರಡರಲ್ಲಿಯೂ ದೋಸೆ ಬೆಣ್ಣೆಯಂತೆ ಮೃದು. ನೇಪಲ್ಸಿನವರು 1984ರಲ್ಲಿ ಒಂದು ಸಂಘವನ್ನೇ ಕಟ್ಟಿ, ಹಿಟ್ಟು ಇಂಥದು, ಒಲೆ ಇಂಥದು ಎಂದು ವಿಧಿಸಿ, ಸಾಚಾ ಪೀತ್ಸಾಕ್ಕೆ ಮುದ್ರೆ ಒತ್ತಿಕೊಡುತ್ತಿದ್ದಾರೆ. ಪದಾರ್ಥಕ್ಕೆ ಅದು ಒಳ್ಳೆಯ ರಕ್ಷಣೆಯೇ. ಆದರೆ ಬೆಲೆಯ ನ್ಯಾಯವನ್ನು ಯಾವ ಮುದ್ರೆಯೂ ಹೇಳಲಾರದು. ಅದನ್ನು ಹೇಳುವವರು ಸಾಲಿನಲ್ಲಿ ನಿಂತವರು ಮಾತ್ರ. ಹೆಗಲಿಗೆ ಚೀಲ ಹಾಕಿಕೊಂಡವರೇ ಎಲ್ಲರೂ ಆಗಿದ್ದರೆ ಮುಂದೆ ನಡೆಯಿರಿ. ಬೆಲೆ ಕೇಳದೆ ಚಿಲ್ಲರೆ ಎಣಿಸಿ ಇಡುವವರಿದ್ದರೆ ಅಲ್ಲಿ ನಿಲ್ಲಿ, ಏಕೆಂದರೆ ಬೆಲೆಯನ್ನು ಮೊದಲೇ ಬಲ್ಲವನಿಗೆ ಎರಡು ಬೆಲೆ ಹೇಳಲು ಯಾರಿಗೂ ಸಾಧ್ಯವಿಲ್ಲ.

ದಿಲ್ಲಿ ನೋಡಲು ಬರುವ ಕನ್ನಡಿಗರಲ್ಲಿ ನನ್ನದೊಂದು ವಿಜ್ಞಾಪನೆ ಉಂಟು. ನಿಮ್ಮ ಕಾರ್ಯಕ್ರಮದಲ್ಲಿ ಒಂದು ಮಧ್ಯಾಹ್ನವನ್ನು ಕೋಟೆ, ಗೋರಿಗಳಿಂದ ಬಿಡಿಸಿಕೊಂಡು, ಜನ ದುಡಿಯುವ ಒಂದು ಬಡಾವಣೆಗೆ ಕೊಡಿ. ಚಾಂದನೀ ಚೌಕದಿಂದ ಹಳದಿ ಮಾರ್ಗದಲ್ಲಿ ಒಂದೇ ನಿಲ್ದಾಣ ಮುಂದಕ್ಕೆ ಬಂದು, ಕಾಶ್ಮೀರಿ ಗೇಟಿನಲ್ಲಿ ರಿಠಾಲಾ ಕಡೆಗೆ ಹೋಗುವ ಕೆಂಪು ಮಾರ್ಗದ ಮೆಟ್ರೊ ಹತ್ತಿದರೆ ನೇತಾಜಿ ಸುಭಾಷ್ ಪ್ಲೇಸಿನಲ್ಲಿ ಇಳಿಯಬಹುದು. ಭಾನುವಾರ ಬೇಡ, ಕಚೇರಿಗಳು ಮುಚ್ಚಿರುತ್ತವೆ. ವಾರದ ನಡುವಿನ ದಿನಗಳಲ್ಲಿ ಒಂದು ಗಂಟೆಯಿಂದ ಎರಡರವರೆಗೆ ಸಾಲು ಉದ್ದವಾಗಿರುತ್ತದೆ. ಕೈಯಲ್ಲಿ ಚಿಲ್ಲರೆ ಇಟ್ಟುಕೊಂಡು ಬನ್ನಿ.