ಯಾರೂ ಆರಿಸದ ಹುಡುಗ

ಶಾಲೆಯ ಆಟಕ್ಕೆ ತಂಡ ಆರಿಸುವಾಗ ಕೊನೆಯ ಸಾಲಿನ ಹುಡುಗಿಯರನ್ನು ನಾನು ಎಷ್ಟೋ ಸಲ ಬಿಟ್ಟಿದ್ದೇನೆ. ಎಮಿಟ್ ಥಾಮಸರ ಕಥೆ ಓದಿದಾಗ ಅವರೆಲ್ಲ ನೆನಪಾದರು.

ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಿಂದಲೂ ಎಸೆಯುತ್ತಾರೆ. ಆ ದೂರದ ಎಸೆತಗಳನ್ನು ತಡೆಯಲು ಕೆಲವರು ಹಿಂದೆ ನಿಂತು ಕಾಯುತ್ತಾರೆ. 1943ರಲ್ಲಿ ಟೆಕ್ಸಾಸ್‌ನಲ್ಲಿ ಹುಟ್ಟಿದ ಥಾಮಸ್ ಅಂಥ ಕಾವಲಿನ ಆಟಗಾರ. 1966ರ ಆಯ್ಕೆಯಲ್ಲಿ ಯಾವ ತಂಡವೂ ಅವರ ಹೆಸರು ಕರೆಯಲಿಲ್ಲ. ಆದರೂ ಕ್ಯಾನ್ಸಸ್ ಸಿಟಿ ತಂಡ ಸೇರಿ, 13 ವರ್ಷಗಳಲ್ಲಿ ಎದುರಾಳಿಗಳ 58 ಎಸೆತ ಕಸಿದರು.

ಆಮೇಲೆ ಹಲವು ತಂಡಗಳಲ್ಲಿ ಆಟಗಾರರಿಗೆ ಪಾಠ. ಮುಖ್ಯ ತರಬೇತುದಾರರ ಕುರ್ಚಿ ಸಿಕ್ಕಿದ್ದು 2007ರಲ್ಲಿ, ಅಟ್ಲಾಂಟಾದಲ್ಲಿ, ಮೂರೇ ಪಂದ್ಯಕ್ಕೆ. 2008ರಲ್ಲಿ ಹಾಲ್ ಆಫ್ ಫೇಮ್ ಗೌರವ ಬಂತು. 2010ರಲ್ಲಿ ಕ್ಯಾನ್ಸಸ್ ಸಿಟಿಗೇ ಮರಳಿ, 75 ದಾಟುವವರೆಗೂ ಕಲಿಸಿದರು.

ನಾನು ಬಿಟ್ಟವರಲ್ಲಿ ಇಂಥವಳೊಬ್ಬಳು ಇದ್ದಳೇನೋ!