ಗುಹೆಗಿಂತ ಹಳೆಯ ಜೀವಿ

ಬಹಾಮಾ ದ್ವೀಪಗಳಲ್ಲಿ ಸುರಿದ ಮಳೆ ಹೊಳೆಯಾಗಿ ಹರಿಯುವುದಿಲ್ಲ, ಸುಣ್ಣದ ಕಲ್ಲಿನೊಳಗೆ ಇಂಗಿಹೋಗುತ್ತದೆ. ಆ ಕಲ್ಲೂ ಸಮುದ್ರ ಕೊಟ್ಟದ್ದೇ. ಹವಳದ ದಿಬ್ಬ, ಚಿಪ್ಪು, ಸುಣ್ಣದ ಮರಳು ಯುಗಯುಗಗಳ ಕಾಲ ಪದರಪದರವಾಗಿ ಕೂತು ಗಟ್ಟಿಯಾಗಿ ದ್ವೀಪಗಳಾದವು. ಇಂಗಿದ ನೀರು ಕಲ್ಲನ್ನು ಕರಗಿಸುತ್ತ ಹೋದಂತೆ ಅವುಗಳ ಅಡಿಯಲ್ಲಿ ಮೈಲುಗಟ್ಟಲೆ ಗುಹೆಗಳು ಹುಟ್ಟಿಕೊಂಡವು. ಗ್ರ್ಯಾಂಡ್ ಬಹಾಮಾ ದ್ವೀಪದ ಲುಕಾಯನ್ ಕ್ಯಾವರ್ನ್ ಅಂಥದೊಂದು ಗುಹೆ. 1979ರಲ್ಲಿ ಅದರೊಳಗೆ ಮುಳುಗಿದ ಜೀವವಿಜ್ಞಾನಿ ಜಿಲ್ ಯೇಗರ್ ಅವರಿಗೆ ಅಲ್ಲಿ ಬೆಳ್ಳಗಿನ, ಕಣ್ಣಿಲ್ಲದ, ಹೆಚ್ಚೆಂದರೆ ಒಂದಂಗುಲ ಉದ್ದದ ಜೀವಿಯೊಂದು ಸಿಕ್ಕಿತು.

ಇಂಥ ಗುಹೆಗಳಲ್ಲಿ ಮೇಲೆ ಸಿಹಿನೀರು, ಕೆಳಗೆ ಕಲ್ಲಿನ ಬಿರುಕುಗಳಿಂದ ನುಗ್ಗಿದ ಉಪ್ಪುನೀರು. ಎರಡೂ ಸೇರುವ ಪದರದಲ್ಲಿ ಮುಳುಗುಗಾರನ ಕಣ್ಣಿಗೆ ಎಲ್ಲವೂ ಕಲಸಿದಂತೆ ಮಸುಕಾಗುತ್ತದೆ. ಅದನ್ನು ದಾಟಿದರೆ ನೀರು ಮತ್ತೆ ತಿಳಿ, ಆದರೆ ಆಮ್ಲಜನಕ ತೀರ ಕಡಿಮೆ. ಈ ಪ್ರಾಣಿಯ ವಾಸ ಅಲ್ಲೇ. ಬಚ್ಚಲ ಮೂಲೆಯ ಜರಿಹುಳದಂತೆ ಉದ್ದಕ್ಕೂ ತುಂಡುತುಂಡು ಮೈ, ತುಂಡಿಗೊಂದು ಜೊತೆ ಕಾಲು. ಬೆನ್ನು ಕೆಳಗೆ, ಹೊಟ್ಟೆ ಮೇಲೆ ಮಾಡಿಕೊಂಡು, ಕಾಲುಗಳನ್ನು ಅಲೆಅಲೆಯಾಗಿ ಬೀಸುತ್ತ ನಿಧಾನವಾಗಿ ಈಜುತ್ತದೆ.

1981ರಲ್ಲಿ ಯೇಗರ್ ಇದರ ವಿವರ ಪ್ರಕಟಿಸಿದಾಗ ಹೊಸ ಪ್ರಭೇದವೆಂದು ಹೆಸರಿಟ್ಟರಷ್ಟೇ ಸಾಲಲಿಲ್ಲ. ಸಿಗಡಿ, ಏಡಿಗಳ ಬಳಗವಾದ ಕಠಿಣಚರ್ಮಿಗಳಲ್ಲಿ ಇದಕ್ಕಾಗಿ ಒಂದು ವರ್ಗವನ್ನೇ ಹೊಸದಾಗಿ ತೆರೆಯಬೇಕಾಯಿತು. ಅದೇ ರೆಮಿಪೀಡಿಯಾ. ಇಂದು ಈ ವರ್ಗದಲ್ಲಿ ಸುಮಾರು 30 ಪ್ರಭೇದಗಳಿವೆ. ನಾಲ್ಕೈದು ಸೆಂಟಿಮೀಟರ್ ಮೀರದ ಒಂದಕ್ಕೆ ಜಪಾನೀ ಸಿನಿಮಾದ ದೈತ್ಯನ ನೆನಪಿನಲ್ಲಿ ಗಾಡ್ಜಿಲಿಯಸ್ ಎಂದು ಹೆಸರಿಟ್ಟಿದ್ದಾರೆ. ವರ್ಗೀಕರಣದವರಿಗೂ ತಮಾಷೆ ಗೊತ್ತು!

ತಲೆಯಿಂದ ಬಾಲದವರೆಗೆ ಒಂದೇ ಬಗೆಯ ತುಂಡುಗಳಿರುವ ಮೈ ಕಂಡು, ಎಲ್ಲ ಕಠಿಣಚರ್ಮಿಗಳ ಮೂಲಪುರುಷ ಹೀಗೇ ಇದ್ದಿರಬೇಕು ಎಂದು ಹಲವರು ಭಾವಿಸಿದರು. ಟೆಕ್ಸಾಸ್‌ನ ಬಂಡೆಯಲ್ಲಿ ಸಿಕ್ಕ, 30 ಕೋಟಿ ವರ್ಷಕ್ಕೂ ಹಳೆಯದಾದ ಟೆಸ್ನುಸೊಕಾರಿಸ್ ಎಂಬ ಪಳೆಯುಳಿಕೆಯನ್ನು ಇದರ ನಂಟನೆಂದು ಗುರುತಿಸಿದ ಮೇಲೆ ಆ ನಂಬಿಕೆ ಗಟ್ಟಿಯಾಯಿತು. ಆದರೆ ವಂಶವಾಹಿಗಳು ಬೇರೆಯದೇ ಕಥೆ ಹೇಳಿದವು. 2010ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ರೆಮಿಪೀಡ್‌ಗಳನ್ನು ಕೀಟಗಳ ಮಗ್ಗುಲಿಗೆ ತಂದು ಕೂರಿಸಿತು. ಆ ನಂಟನ್ನು ನಂತರದ ಅಧ್ಯಯನಗಳೂ ಎತ್ತಿಹಿಡಿದಿವೆ. ಅಂದರೆ ಕತ್ತಲ ಗುಹೆಯ ಈ ಈಜುಗಾರನಿಗೆ ಏಡಿಗಿಂತ ಜೇನುನೊಣವೇ ಹತ್ತಿರದ ಬಂಧು. 2013ರಲ್ಲಿ ಇನ್ನೊಂದು ಅಚ್ಚರಿ ಹೊರಬಿತ್ತು. ಮೆಕ್ಸಿಕೊದ ಯುಕಟಾನ್ ಗುಹೆಗಳ ರೆಮಿಪೀಡ್‌ಗೆ ವಿಷವಿದೆ! ಕಠಿಣಚರ್ಮಿಗಳಲ್ಲಿ ವಿಷ ಖಚಿತವಾದದ್ದು ಅದೇ ಮೊದಲು. ಬಾಯಿಯ ಬಳಿಯ ಟೊಳ್ಳು ಕೊಂಡಿಗಳಿಂದ ಬೇಟೆಯ ನರಗಳನ್ನು ಮರಗಟ್ಟಿಸುವ, ಒಳಗಿನ ಮಾಂಸವನ್ನು ಕರಗಿಸುವ ರಸವನ್ನು ಅದು ಚುಚ್ಚುತ್ತದೆ. ಇಷ್ಟು ಪಳಗಿದ ಬೇಟೆಗಾರನನ್ನು ಆದಿಮ ಎಂದು ಕರೆದದ್ದು ಅವಸರದ ತೀರ್ಪು.

ಇನ್ನು ಗುಹೆಗಳ ವಯಸ್ಸಿನ ಮಾತು. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ಉತ್ತುಂಗದಲ್ಲಿ, ಸಮುದ್ರದ ಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗ ಬಹಾಮಾದ ಗುಹೆಗಳು ಬಹುಪಾಲು ಒಣಗಿದ್ದವು. ಛಾವಣಿಯಿಂದ ಹನಿ ತೊಟ್ಟಿಕ್ಕಿ ಬೆಳೆದ ಸುಣ್ಣದ ತೊಂಗಲುಗಳು ಇಂದು ನೀರಿನೊಳಗೆ ಜೋತಾಡುತ್ತಿರುವುದೇ ಅದಕ್ಕೆ ಸಾಕ್ಷಿ. ಗಾಳಿಯಲ್ಲದೆ ಅವು ಬೆಳೆಯುವುದಿಲ್ಲ. ಹಾಗಿದ್ದರೆ ರೆಮಿಪೀಡ್‌ಗಳು ಆಗ ಎಲ್ಲಿದ್ದವು? ನೀರು ಇಳಿದಂತೆ ಬಿರುಕು ಹಿಡಿದು ಕೆಳಗಿಳಿದು, ಏರಿದಂತೆ ಮೇಲೆ ಬಂದಿರಬೇಕು.

ಅಟ್ಲಾಂಟಿಕ್‌ನ ಆಚೆ ದಡದಲ್ಲಿ, ಕ್ಯಾನರಿ ದ್ವೀಪಸಮೂಹದ ಲಾಂಜರೋಟೆಯಲ್ಲಿ, ಒಗಟು ಇನ್ನಷ್ಟು ಬಿಗಿಯಾಗುತ್ತದೆ. ಅಲ್ಲಿ ರೆಮಿಪೀಡ್ ಇರುವುದು ಸುಣ್ಣದ ಕಲ್ಲಿನಲ್ಲಲ್ಲ, ಕೊರೋನಾ ಜ್ವಾಲಾಮುಖಿಯ ಲಾವಾ ಹರಿದು ಉಳಿದ ಸುರಂಗದಲ್ಲಿ. ಅದರ ವಯಸ್ಸು ಸುಮಾರು 21,000 ವರ್ಷ ಮಾತ್ರ. ಪ್ರಾಣಿಯ ನೆಂಟರಿಷ್ಟರಲ್ಲಿ ಹೆಚ್ಚಿನವರು ಸಾಗರದಾಚೆಯ ಕೆರಿಬಿಯನ್‌ನಲ್ಲಿದ್ದಾರೆ. ಸಾಲದ್ದಕ್ಕೆ ಪಶ್ಚಿಮ ಆಸ್ಟ್ರೇಲಿಯಾದ ಕೇಪ್ ರೇಂಜ್ ಬಳಿಯ ಬಂಡೇರಾ ಕುಳಿಯಲ್ಲೂ ಒಂದು ಪ್ರಭೇದ ಸಿಕ್ಕಿತು. 1996ರಲ್ಲಿ ವಿವರಿಸಲಾದ ಇದು ದಕ್ಷಿಣ ಗೋಳಾರ್ಧದ ಏಕೈಕ ರೆಮಿಪೀಡ್. ಡೈನೊಸಾರ್‌ಗಳ ಕಾಲದಲ್ಲಿ ಖಂಡಗಳ ನಡುವೆ ಹಬ್ಬಿದ್ದ ಟೆಥಿಸ್ ಸಮುದ್ರದ ಅಂಚಿನಲ್ಲಿದ್ದ ಪೂರ್ವಜರು, ಖಂಡಗಳು ಸರಿದಾಗ ಚದುರಿಹೋದರು ಎಂಬುದು ಒಂದು ವಾದ. ಆದರೆ ಲಾಂಜರೋಟೆ ಯಾವ ಖಂಡಕ್ಕೂ ಅಂಟಿಕೊಂಡಿದ್ದ ನೆಲವಲ್ಲ, ಸಾಗರದಿಂದೆದ್ದ ಜ್ವಾಲಾಮುಖಿ. ಆದ್ದರಿಂದ ಆಳಸಮುದ್ರದ ಬಿರುಕುಗಳಲ್ಲೇ ಹಾದು ಬಂದಿರಬಹುದು ಎನ್ನುವವರಿದ್ದಾರೆ. ಎರಡು ವಾದಗಳಲ್ಲೂ ಪ್ರಾಣಿಯ ವಂಶ ಹಳತು, ಈಗಿನ ಮನೆ ಹೊಸತು.

ಆ ಮನೆಗಳಿಗೆ ಈಗ ಮನುಷ್ಯನ ಕೆಲಸಗಳು ತಗುಲತೊಡಗಿವೆ. ವಿಷದ ಗುಟ್ಟು ಬಿಚ್ಚಿಟ್ಟ ಪ್ರಾಣಿಯ ನಾಡಾದ ಯುಕಟಾನ್‌ನಲ್ಲಿ, ಕ್ಯಾಂಕುನ್‌ನಿಂದ ಟುಲುಮ್ ಕಡೆಗೆ ಹಾಕಿದ ಟ್ರೆನ್ ಮಾಯಾ ಹಳಿಗಳನ್ನು ಹೊರಲು ಗುಹೆಗಳ ಛಾವಣಿ ತೂರಿ ಕಬ್ಬಿಣದ ಕಂಬಗಳನ್ನು ಇಳಿಸಿ, ಒಳಗೆ ಕಾಂಕ್ರೀಟ್ ತುಂಬಿದ್ದಾರೆ. ಕೆಲವು ಕಡೆ ಅದು ಗುಹೆಯ ನೀರಿಗೇ ಸೋರಿದ್ದನ್ನು ಅಲ್ಲಿನ ಮುಳುಗುಗಾರರು ಚಿತ್ರೀಕರಿಸಿದ್ದಾರೆ.