ಪಿಕಪ್ ಟ್ರಕ್ಕಿನ ಎರಡು ತೋಳುಗಳು

ಕಾರ್ಖಾನೆಯು ಬಿಡಿಭಾಗಗಳ ತಯಾರಿಕೆಯನ್ನು ನಿಲ್ಲಿಸಿತೆಂದರೆ ಆ ವಾಹನವು ಗುಜರಿಯ ಪಾಲಾಯಿತೆಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅಮೆರಿಕದ ಷೆವ್ರೊಲೆ ಪಿಕಪ್ ಟ್ರಕ್ಕಿನ ಹಿಂಬದಿಯ ಸಸ್ಪೆನ್ಷನ್ ಈ ಮಾತಿಗೆ ಅಪವಾದ. ತಯಾರಕರೇ ಕೈಬಿಟ್ಟ ಆ ವ್ಯವಸ್ಥೆ ಇಂದಿಗೂ ಬದುಕಿದೆ, ಬದುಕಿಸಿದವರು ಬೇರೆಯವರು.

ಸರಕು ಹೊರುವ ಗಾಡಿಗಳ ಹಿಂದಿನ ಗಾಲಿಗಳಿಗೆ ನಮ್ಮ ಲಾರಿಗಳಲ್ಲಿ ಕಾಣುವಂತೆ ಉಕ್ಕಿನ ಪಟ್ಟಿಗಳ ಕಟ್ಟನ್ನು, ಎಂದರೆ ಲೀಫ್ ಸ್ಪ್ರಿಂಗನ್ನು, ಜೋಡಿಸುವುದು ರೂಢಿ. 1960ರಲ್ಲಿ ಷೆವ್ರೊಲೆ ಸಂಸ್ಥೆಯು ತನ್ನ ಹಗುರ ಪಿಕಪ್‌ಗಳಲ್ಲಿ ಈ ರೂಢಿಯನ್ನು ಮುರಿಯಿತು. ಹಿಂದಿನ ಆಕ್ಸಲ್‌ನಿಂದ ಹೊರಟ ಎರಡು ನೀಳ ಉಕ್ಕಿನ ತೋಳುಗಳು ಮುಂದಕ್ಕೆ ಚಾಚಿ, ಚಾಸಿಯ ನಡುಭಾಗದಲ್ಲಿ ಒಂದರ ಸಮೀಪಕ್ಕೆ ಇನ್ನೊಂದು ಬಂದು ಸೇರುತ್ತಿದ್ದವು. ಭಾರವನ್ನು ಹೊರಲು ಸುರುಳಿ ಸ್ಪ್ರಿಂಗುಗಳು. ಆಕ್ಸಲ್ ಎಡಬಲಕ್ಕೆ ಸರಿಯದಂತೆ ತಡೆಯಲು ಒಂದು ಅಡ್ಡಸರಳು. ಇದರಿಂದ ಸರಕಿನ ಗಾಡಿಗೆ ಕಾರಿನ ಮೃದುತ್ವ ಬಂದಿತು. ಆದರೆ 1973ರ ಹೊಸ ಮಾದರಿಯಲ್ಲಿ ಸಂಸ್ಥೆಯು ಮರಳಿ ಪಟ್ಟಿಯ ಕಟ್ಟಿಗೇ ಶರಣಾಯಿತು.

ಅಷ್ಟರಲ್ಲಿ ಮೋಟಾರು ಪಂದ್ಯದವರ ದೃಷ್ಟಿ ಆ ತೋಳುಗಳ ಮೇಲೆ ಬಿದ್ದಿತ್ತು. 1960ರ ದಶಕದಲ್ಲಿಯೇ ನ್ಯಾಸ್ಕಾರ್ ಸ್ಪರ್ಧಿಗಳು ಅವನ್ನು ತಮ್ಮ ಕಾರುಗಳಿಗೆ ಅಳವಡಿಸತೊಡಗಿದರು. ಕ್ರಮೇಣ ಅದೇ ಪದ್ಧತಿಯಾಯಿತು. ಫೋರ್ಡ್, ಟೊಯೊಟಾ ಹೆಸರಿನಲ್ಲಿ ಓಡುವ ಕಾರುಗಳ ಅಡಿಯಲ್ಲೂ ಷೆವ್ರೊಲೆ ಪಿಕಪ್ಪಿನ ವಂಶದ ತೋಳುಗಳೇ! ನ್ಯಾಸ್ಕಾರಿನ ಅಗ್ರಶ್ರೇಣಿಯ ಕಪ್ ಪಂದ್ಯಗಳಲ್ಲಿ 2021ರವರೆಗೂ ಅವು ಉಳಿದವು. 2022ರಲ್ಲಿ ಹೊಸ ಕಾರು ಬಂದ ಮೇಲಷ್ಟೇ ತೆರವಾದವು.

ಹಳೆಯ ಪಿಕಪ್ಪುಗಳ ಅಭಿಮಾನಿಗಳದ್ದು ಇನ್ನೊಂದು ಕಥೆ. ಅವರಲ್ಲಿ ಅನೇಕರಿಗೆ ಗಾಡಿಯನ್ನು ನೆಲಕ್ಕೆ ತಗ್ಗಿಸುವ ಹಂಬಲ. ತಗ್ಗಿಸಿದೊಡನೆ ಅಡ್ಡಸರಳಿನ ತೊಡಕು ಎದುರಾಗುತ್ತದೆ. ತರಗತಿಯಲ್ಲಿ ಕಲಿತ ಪೈಥಾಗೊರಸನ ಪ್ರಮೇಯವನ್ನು ನೆನಪಿಸಿಕೊಳ್ಳಿ. ಸರಳಿನ ಒಂದು ತುದಿ ಚಾಸಿಗೆ, ಇನ್ನೊಂದು ಆಕ್ಸಲ್ಲಿಗೆ. ಅದರ ಚಲನೆ ವೃತ್ತದ ಕಂಸದಲ್ಲಿ. ಸಮತಲವಾಗಿದ್ದ 60 ಸೆಂ.ಮೀ. ಸರಳಿನ ಒಂದು ತುದಿ 10 ಸೆಂ.ಮೀ. ಏರಿದರೆ ಆಕ್ಸಲ್ ಸುಮಾರು 8.4 ಮಿ.ಮೀ. ಪಕ್ಕಕ್ಕೆ ಸರಿಯುತ್ತದೆ. ಸರಳು 90 ಸೆಂ.ಮೀ. ಇದ್ದರೆ ಸರಿಯುವುದು 5.6 ಮಿ.ಮೀ. ಮಾತ್ರ. ಹೊರಗಿನ ತಯಾರಕರು ಮೂಲದ್ದಕ್ಕಿಂತ ಉದ್ದವಾದ, ಅಳತೆ ಹೊಂದಿಸಬಹುದಾದ ಸರಳನ್ನು ಮಾರುವುದರ ಗುಟ್ಟು ಇದೇ.

ಇಂತಹ ಹೊರಗಿನ ತಯಾರಕರ ಉದ್ಯಮಕ್ಕೆ ಅಲ್ಲಿ ಆಫ್ಟರ್‌ಮಾರ್ಕೆಟ್ ಎಂದು ಹೆಸರು. 1963ರಲ್ಲಿ ಅವರು ಸೀಮಾ ಎಂಬ ಸಂಘವನ್ನು ಕಟ್ಟಿಕೊಂಡರು. 1967ರಲ್ಲಿ ಲಾಸ್ ಏಂಜಲೀಸಿನ ಡಾಡ್ಜರ್ ಕ್ರೀಡಾಂಗಣದಲ್ಲಿ ಮೊದಲ ಪ್ರದರ್ಶನವನ್ನು ನಡೆಸಿದರು. ಇಂದು ತಗ್ಗು ಸ್ಪ್ರಿಂಗು, ಬುಷ್, ಶಾಕ್ ಅಬ್ಸಾರ್ಬರಿನ ಹಿಡಿಕೆ, ಹೊಸ ತೋಳುಗಳು, ಎಲ್ಲವೂ ಕೊಳ್ಳಲು ಸಿಗುತ್ತವೆ.

ಆದರೆ ಸಿಗುವುದೆಲ್ಲ ಹೊಂದುವುದಿಲ್ಲ. 1967ರಿಂದ 1972ರವರೆಗಿನ ಷೆವ್ರೊಲೆ ಹಗುರ ಪಿಕಪ್‌ಗಳಿಗೆ ಸುರುಳಿ ಸ್ಪ್ರಿಂಗು ಸಹಜ, ಪಟ್ಟಿಯ ಕಟ್ಟು ಐಚ್ಛಿಕ. ಅದರ ಸೋದರ ಜಿಎಂಸಿ ಗಾಡಿಯಲ್ಲಿ ಇದು ತಿರುವುಮುರುವು. ನಾಲ್ಕೂ ಗಾಲಿಗಳಿಗೆ ಚಾಲನೆಯುಳ್ಳವುಗಳಲ್ಲಿ ಪಟ್ಟಿಯ ಕಟ್ಟೇ. ಆದುದರಿಂದ ಮೂತಿಯ ಮೇಲಿನ ಹೆಸರನ್ನು ನಂಬದೆ, ಗಾಡಿಯ ಅಡಿಗೆ ಇಣುಕಿ ನೋಡಿಯೇ ಹಣ ತೆರಬೇಕು. ಗಟ್ಟಿಯಾದುದೆಲ್ಲ ಉತ್ತಮವೆಂಬ ಭ್ರಮೆಯೂ ಸಲ್ಲದು. ಮೂಲದ ತೋಳು ತುಸು ತಿರುಚಿಕೊಳ್ಳುವುದರಿಂದಲೇ ಏರುಪೇರಿನ ನೆಲದಲ್ಲಿ ಗಾಲಿಗಳು ಹೊಂದಿಕೊಂಡು ನಡೆಯುತ್ತವೆ. ತಿರುಚದ ಕೊಳವೆಯ ತೋಳನ್ನು ಹಾಕುವುದಾದರೆ ಅದರ ಮುಂತುದಿಯಲ್ಲಿ ತಿರುಗುವ ಕೀಲು ಬೇಕೇ ಬೇಕು. ಇಲ್ಲವಾದರೆ ಆ ಒತ್ತಡವನ್ನು ಹಿಡಿಕೆಗಳು, ಬೆಸುಗೆಗಳು ಉಣ್ಣಬೇಕಾಗುತ್ತದೆ.

ಯಂತ್ರವೊಂದು ಹಳತಾಗುವುದು ಕಾರ್ಖಾನೆಯ ಬಾಗಿಲು ಮುಚ್ಚಿದ ದಿನವಲ್ಲ. ಅದನ್ನು ಬಲ್ಲವರು, ದುರಸ್ತಿ ಮಾಡುವವರು ಇಲ್ಲವಾದ ದಿನ. ಹೊಸದಕ್ಕೆ ಮನಸೋಲುವ ನನ್ನ ಕಿರಿಯ ಬಂಧುಗಳು ಈ ಮಾತನ್ನು ಒಮ್ಮೆ ಯೋಚಿಸಲಿ.